ಪುಟದಲ್ಲಿಲ್ಲದ ನಾಲ್ಕು ಸಾಲು

ಡಬ್ಬದೊಳಗೆ ಕೈ ಹಾಕುವ ಮೊದಲೇ ಚೀಟಿ ಈಶಾನನ ಬೆರಳುಗಳ ನಡುವೆ ಇತ್ತು.

ಬೆವರಿಗೆ ಅದು ಒದ್ದೆಯಾಗಿತ್ತು. ಹಳೆಯ ಬಿಸ್ಕೆಟ್ ಡಬ್ಬದಲ್ಲಿ ಮಡಚಿಟ್ಟ ನೂರಾರು ಚೀಟಿಗಳು ಅವನ ಕೈಗೆ ಒಣಗಿದ ಎಲೆಗಳ ಹಾಗೆ ತಾಗಿದವು. ಕಲಸಿದಂತೆ ಮಾಡಿದ, ಹುಡುಕಿದಂತೆ ಮಾಡಿದ. ಎಂಟನೇ ತರಗತಿಯ ನಲವತ್ತು ಮಕ್ಕಳು ಅವನ ಮೊಣಕೈಯನ್ನೇ ನೋಡುತ್ತಿದ್ದರು.

"ಎಂತ ಸಾರ್, ಡಬ್ಬದೊಳಗೆ ಮೀನು ಹಿಡೀತಿದ್ದೀರಾ?" ಎಂದಳು ನಿಶ್ಚಿತಾ.

ಮಕ್ಕಳು ನಕ್ಕರು. ಅವನೂ ನಕ್ಕ. ಕೈ ಹೊರಗೆ ತೆಗೆದು, ತಾನೇ ಹಿಂದಿನ ದಿನ ಬರೆದು ಜೇಬಿನಲ್ಲಿಟ್ಟುಕೊಂಡಿದ್ದ ಚೀಟಿಯನ್ನು ಅವಳಿಗೆ ಕೊಟ್ಟ. ಅವಳು ಬಿಚ್ಚಿ ನೋಡಿದಳು. ಒಂದು ಕ್ಷಣ ಹೆಚ್ಚೇ ನೋಡಿದಳೋ ಏನೋ.

"ಸಾವಿರದ ನೂರ ನಲವತ್ತೇಳು," ಎಂದು ಓದಿ ಕಪಾಟಿನ ಕಡೆ ನಡೆದಳು.

ಕೊಪ್ಪದ ಪಕ್ಕದ ಬಾಳಗಡಿಯ ಈ ಹೈಸ್ಕೂಲಿಗೆ ನಿಶ್ಚಿತಾ ಲೈಬ್ರರಿಯನ್ ಆಗಿ ಬಂದ ವರ್ಷವೇ ಶುರು ಮಾಡಿದ ಪದ್ಧತಿ ಇದು. ಹೆಸರು ಶನಿವಾರದ ಪುಟ. ಶನಿವಾರದ ಕೊನೆಯ ಪಿರಿಯಡ್ಡಿಗೆ ಒಬ್ಬ ಮೇಷ್ಟ್ರು ಲೈಬ್ರರಿಗೆ ಬರಬೇಕು. ಡಬ್ಬದಿಂದ ಚೀಟಿ ಎತ್ತಬೇಕು. ಚೀಟಿಯಲ್ಲಿದ್ದ ನಂಬರಿನ ಪುಸ್ತಕ ತೆಗೆದು, ಅವತ್ತಿನ ತಾರೀಖು ಎಷ್ಟೋ ಅಷ್ಟನೆಯ ಪುಟವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಬೇಕು. ಮೊದಲೇ ನೋಡುವ ಹಾಗಿಲ್ಲ. ಪಕ್ಕದಲ್ಲಿ ಒಂದು ಮಗು ನಿಘಂಟು ಹಿಡಿದು ನಿಂತಿರುತ್ತದೆ. ಗೊತ್ತಿಲ್ಲದ ಪದ ಬಂದರೆ ಮೇಷ್ಟ್ರು ಅಲ್ಲೇ, ಎಲ್ಲರೆದುರು, ಹುಡುಕಬೇಕು. ಹಿಂದಿ ಮೇಷ್ಟ್ರು ಒಮ್ಮೆ ಒಂದೇ ಪುಟದಲ್ಲಿ ನಾಲ್ಕು ಸಲ ಎಡವಿದ್ದರು. ಮಕ್ಕಳು ಅದನ್ನು ಇನ್ನೂ ಹಬ್ಬದ ಹಾಗೆ ನೆನೆಸಿಕೊಳ್ಳುತ್ತಿದ್ದರು.

ಈಶಾನ ಮೂರು ಸಲ ತಪ್ಪಿಸಿಕೊಂಡಿದ್ದ. ಮೊದಲನೆಯ ಸಲ ಜ್ವರ. ಎರಡನೆಯ ಸಲ ಅಂಕಪಟ್ಟಿ. ಮೂರನೆಯ ಸಲ ಯಾವ ಸುಳ್ಳು ಹೇಳಿದ್ದೆನೆಂದು ಅವನಿಗೇ ಮರೆತುಹೋಗಿತ್ತು. ಆಮೇಲೆ ಅವಳು ಸ್ಟಾಫ್ ರೂಮಿಗೇ ಬಂದು, "ಲೆಕ್ಕದ ಮೇಷ್ಟ್ರಿಗೆ ಕಥೆ ಪುಸ್ತಕ ಅಂದ್ರೆ ಅಷ್ಟು ಸಸಾರವಾ?" ಎಂದು ಎಲ್ಲರೆದುರು ಕೇಳಿದ್ದಳು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಅಹಂಕಾರ ಅಂದುಕೊಂಡಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು. ಅಂದುಕೊಳ್ಳಲಿ ಎಂದು ಬಿಟ್ಟಿದ್ದ. ಅಹಂಕಾರವಾದರೆ ಮರ್ಯಾದೆಯ ರೋಗ. ಅವನದ್ದು ಅದಲ್ಲ.

ಅವನ ಕಣ್ಣಿಗೆ ಅಕ್ಷರ ನಿಲ್ಲುತ್ತಿರಲಿಲ್ಲ.

ಅಂಕಿಗಳು ನಿಲ್ಲುತ್ತಿದ್ದವು, ಪ್ರಾರ್ಥನೆಯ ಸಾಲಿನ ಹಾಗೆ ನೆಟ್ಟಗೆ. ಆದರೆ ಅಕ್ಷರಗಳು ಸಕ್ಕರೆ ಚೆಲ್ಲಿದಲ್ಲಿನ ಇರುವೆಗಳು. ಒತ್ತುಗಳು ಜಾರಿ ಮುಂದಿನ ಪದಕ್ಕೆ ಹೋಗುತ್ತಿದ್ದವು, ಮೇಲಿನ ಸಾಲು ಕೆಳಗಿನ ಸಾಲಿನೊಳಗೆ ಇಳಿಯುತ್ತಿತ್ತು. ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಅವನು ಪಾಸು ಮಾಡಿದ್ದು ಕಿವಿಯಿಂದ. ತಂಗಿ ಅನನ್ಯ ಓದುತ್ತಿದ್ದಳು, ಅವನು ಬಾಯಿಪಾಠ ಮಾಡುತ್ತಿದ್ದ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ವಿಷಯ ಗೊತ್ತಿದ್ದವಳು ಅವಳೊಬ್ಬಳೇ.

ನಿಶ್ಚಿತಾ ತಂದುಕೊಟ್ಟ ಪುಸ್ತಕ ಯಾವುದೋ ಚಳಿದೇಶದ ಕಥೆಯ ಅನುವಾದ. ಒಂಟಿ ದ್ವೀಪದಲ್ಲಿ ಹಡಗುಗಳಿಗೆ ದೀಪ ಹಚ್ಚುವ ಮುದುಕನ ಕಥೆ. ಅದರ ನಂಬರನ್ನು ಅವನು ಮೊದಲೇ ಕಪಾಟಿನಲ್ಲಿ ನೋಡಿಟ್ಟುಕೊಂಡಿದ್ದ; ಇನ್ನೊಂದು ಪ್ರತಿಯನ್ನು ಅನನ್ಯ ಶೃಂಗೇರಿಯಲ್ಲಿ ಹುಡುಕಿ, ಇಪ್ಪತ್ತೆರಡನೆಯ ಪುಟವನ್ನು ಓದಿ ವಾಯ್ಸ್ ಮೆಸೇಜ್ ಕಳಿಸಿದ್ದಳು. ಐವತ್ತು ಸಲವಾದರೂ ಕೇಳಿದ್ದ.

ಅವನು ಓದಲು ಶುರು ಮಾಡಿದ. ಪುಟ ಓದಲಿಲ್ಲ, ಪುಟದ ಕಡೆಗೆ ಮುಖ ಮಾಡಿದ್ದನಷ್ಟೆ. ಮಧ್ಯೆ ಬೇಕೆಂದೇ ಒಂದು ಪದಕ್ಕೆ ತಡವರಿಸಿದ. ನಿಘಂಟು ಹಿಡಿದಿದ್ದ ಚೈತ್ರ ಗಾಬರಿಯಿಂದ ಅದನ್ನು ಮುಂದೆ ಚಾಚಿದಳು. "ಬೇಡ, ಗೊತ್ತಾಯ್ತು," ಎಂದ. ಆ ನಾಟಕದ ಬಗ್ಗೆ ಅವನಿಗೇ ಹೆಮ್ಮೆಯಾಯಿತು. ಬಾಗಿಲಲ್ಲಿ ಹೆಡ್ ಮಾಸ್ಟರ್ ಸುಂದರೇಶ್ ಬಂದು ನಿಂತು ತಲೆದೂಗುತ್ತಿದ್ದರು. ಬೆನ್ನ ಹಿಂದೆ, ಹೆಗಲು ತಾಗುವಷ್ಟು ಹತ್ತಿರದಲ್ಲಿ, ನಿಶ್ಚಿತಾ ನಿಂತಿದ್ದಳು. ಅವಳ ಬೆರಳುಗಳಿಂದ ಬರುವ ಮೈದಾ ಅಂಟಿನ ವಾಸನೆ ಅವನಿಗೆ ಗೊತ್ತು; ಹರಿದ ಪುಸ್ತಕಗಳಿಗೆ ಅವಳು ಸದಾ ತೇಪೆ ಹಾಕುತ್ತಿರುತ್ತಾಳೆ.

"ಗಾಳಿ ನಿಂತಿತು. ಮುದುಕ ಮೆಟ್ಟಿಲ ಮೇಲೆ ಕೂತ. ಇನ್ನು ಈ ದಾರಿಯಲ್ಲಿ ಯಾವ ಹಡಗೂ ಬರುವುದಿಲ್ಲವೆಂದು ಅವನಿಗೆ ತಿಳಿದಿತ್ತು. ಆದರೂ ಅವನ ಕೈ ಬೆಂಕಿಪೊಟ್ಟಣವನ್ನು ಹುಡುಕಿತು."

ಮುಗಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಈಶಾನ ಉಸಿರು ಬಿಟ್ಟು ಪುಟದ ಮೇಲಿದ್ದ ಹೆಬ್ಬೆರಳು ಎತ್ತಿದ.

ಹೆಬ್ಬೆರಳಿನ ಕೆಳಗೆ ಅಕ್ಷರವಿರಲಿಲ್ಲ.

ಪುಟದ ಕೊನೆಯ ನಾಲ್ಕು ಸಾಲನ್ನು ಯಾವತ್ತೋ ಗೆದ್ದಲು ತಿಂದಿತ್ತು. ಅಲ್ಲಿ ಅಂದವಾಗಿ ಕತ್ತರಿಸಿದ ಬಿಳಿ ಕಾಗದದ ತೇಪೆಯಿತ್ತು. ಬರೀ ಬಿಳಿ.

ಅವನ ಕಿವಿಯಲ್ಲಿ ಜೀರುಂಡೆ ಕೂಗಿದಂತಾಯಿತು. ಚೈತ್ರ ಆ ಬಿಳಿಯನ್ನೂ ಅವನ ಮುಖವನ್ನೂ ನೋಡಿ ನಿಘಂಟನ್ನು ಮೆಲ್ಲಗೆ ಮುಚ್ಚಿದಳು. ಹಿಂದಿನಿಂದ ಒಂದು ಕೈ ಬಂದು ಪುಸ್ತಕ ತೆಗೆದುಕೊಂಡಿತು.

"ಚೆನ್ನಾಗಿ ಓದಿದ್ರಿ ಸಾರ್," ಎಂದಳು ನಿಶ್ಚಿತಾ, ಅವನಿಗಷ್ಟೇ ಕೇಳುವ ಹಾಗೆ.

* * *

ವಾರಕ್ಕೊಮ್ಮೆ ಊರಿಗೆ ಹೋಗುವ ಶನಿವಾರ ಮಧ್ಯಾಹ್ನ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರದೂ ಒಂದೊಂದು ಕಡೆ. ಅವನು ಶೃಂಗೇರಿ ಬಸ್ಸಿಗೆ, ಅವಳು ನರಸಿಂಹರಾಜಪುರದ ಮೇಲೆ ಹೋಗುವ ಬಸ್ಸಿಗೆ; ಅವಳ ಮನೆ ಮುತ್ತಿನಕೊಪ್ಪ. ನಡುವೆ ಇಪ್ಪತ್ತು ಹೆಜ್ಜೆ. ಅವನು ಈ ಶಾಲೆಗೆ ಸೇರಿದ ಜೂನ್ ತಿಂಗಳಿಂದ ಆ ಇಪ್ಪತ್ತು ಹೆಜ್ಜೆಯನ್ನು ಯಾರೂ ದಾಟಿರಲಿಲ್ಲ. ಅವಳು ಶೇಂಗಾ ಪೊಟ್ಟಣ ಎತ್ತಿ 'ಬೇಕಾ?' ಎಂದು ಹುಬ್ಬು ಹಾರಿಸುವುದು, ಅವನು ಬೇಡವೆಂದು ತಲೆಯಾಡಿಸುವುದು, ಬಸ್ಸು ಹೊರಟಾಗ ಅವಳು ಕಿಟಕಿಯಿಂದ ಒಂದು ಸಲ ಮಾತ್ರ ತಿರುಗಿ ನೋಡುವುದು. ಅಷ್ಟು ಸಾಕಾಗಿ ಅವನಿಗೆ ಒಂದು ವಾರ ಕಳೆಯುತ್ತಿತ್ತು.

ಇವತ್ತು ಅವಳು ದಾಟಿ ಬಂದಳು. ಕೈಯಲ್ಲಿ ಶೇಂಗಾ ಇರಲಿಲ್ಲ.

"ಆ ನಾಲ್ಕು ಸಾಲು ಎಲ್ಲಿಂದ ಬಂತು ಸಾರ್?"

"ಯಾವ ನಾಲ್ಕು ಸಾಲು?"

"ಗೆದ್ದಲು ತಿಂದದ್ದು. ತೇಪೆ ಹಾಕಿದವಳು ನಾನೇ. ಆ ಮುದುಕ ಮೆಟ್ಟಿಲ ಹತ್ರ ಬಂದು ಎಂತ ಮಾಡಿದ ಅಂತ ಗೊತ್ತಾಗ್ದೆ ಎರಡು ವರ್ಷ ಕಾದಿದ್ದೇನೆ. ಇವತ್ತು ನೀವು ಹೇಳಿದ್ರಿ."

"ಊಹೆ ಮಾಡಿ ಹೇಳಿದ್ದು."

"ಚೀಟಿನೂ ಊಹೆನಾ? ಡಬ್ಬದಲ್ಲಿರೋದೆಲ್ಲ ನನ್ನ ಕೈಬರಹ. ಆ ಏಳು ನಂದಲ್ಲ. ಬೋರ್ಡಿನ ಮೇಲೆ ದಿನಾ ನೋಡ್ತೇನೆ ನಿಮ್ಮ ಏಳನ್ನ."

ತನ್ನ ಏಳನ್ನು ಅವಳು ದಿನವೂ ನೋಡುತ್ತಾಳೆ! ಬೇರೆ ಯಾವ ದಿನವಾಗಿದ್ದರೂ ಆ ಒಂದು ಮಾತಿಗೆ ಅವನು ಶೃಂಗೇರಿವರೆಗೆ ನಡೆದೇ ಹೋಗಿಬಿಡುತ್ತಿದ್ದ. ಈಗ ಚೀಲದ ಪಟ್ಟಿ ಸರಿಮಾಡಿಕೊಂಡ.

"ನನ್ನ ಪಿರಿಯಡ್ಡನ್ನ ತಮಾಷೆ ಮಾಡ್ಲಿಕ್ಕೆ ಇಷ್ಟು ಕಷ್ಟ ಎಂತಕ್ಕೆ ಪಟ್ರಿ? ಬರೋದಿಲ್ಲ ಅಂದಿದ್ರೆ ಮುಗೀತಿತ್ತು. ಆ ಡಬ್ಬ ಯಾಕೆ ಇಟ್ಟಿದ್ದು ಗೊತ್ತಾ? ದೊಡ್ಡವರೂ ತಡವರಿಸ್ತಾರೆ ಅಂತ ಮಕ್ಕಳು ನೋಡ್ಲಿ ಅಂತ. ನೀವು ಅದನ್ನೂ ನಾಟಕ ಮಾಡಿದ್ರಿ." ಅವಳ ಧ್ವನಿ ಸ್ವಲ್ಪ ಒಡೆಯಿತು. "ಹೆಡ್ ಮಾಸ್ಟರಿಗೆ ನಿಮ್ಮ ಓದು ಭಾರಿ ಖುಷಿಯಾಗಿದೆ. ಮುಂದಿನ ಶನಿವಾರ ಮತ್ತೆ ನೀವೇ ಓದಬೇಕಂತೆ, ಅವರೂ ಕೂತು ಕೇಳ್ತಾರಂತೆ. ಚೀಟಿ ನಾನು ಎತ್ತುತ್ತೇನೆ."

ಬಸ್ಸು ಬಂತು. ಅವಳು ಹತ್ತಿದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಆ ಸಂಜೆ ಮನೆಯ ಜಗಲಿಯಲ್ಲಿ ಅನನ್ಯ ಎಲ್ಲ ಕೇಳಿಸಿಕೊಂಡು, "ನಿಜ ಹೇಳಿಬಿಡು ಅಣ್ಣಾ," ಎಂದಳು.

"ಹೇಳಿದ್ರೆ ಕೆಲಸ ಹೋಗ್ತು. ಓದ್ಲಿಕ್ಕೆ ಬಾರದ ಮೇಷ್ಟ್ರನ್ನ ಯಾರು ಇಟ್ಕಳ್ತ?"

"ನಿಂಗೆ ಕೆಲಸದ ಹೆದರಿಕೆಯಾ, ಆ ಲೈಬ್ರರಿ ಮಿಸ್ಸಿನ ಹೆದರಿಕೆಯಾ?"

ಅವನು ಎದ್ದು ಒಳಗೆ ಹೋದ. ತಂಗಿಗೆ ಉತ್ತರ ಬೇಕಾಗಿಯೂ ಇರಲಿಲ್ಲ.

* * *

ಆ ವಾರ ಅವನು ಮೆಟ್ಟಿಲು ಹತ್ತುವಾಗ ಎಣಿಸಿ ಹತ್ತುತ್ತಿದ್ದ. ಎದೆ ಹೊಡೆದುಕೊಳ್ಳುವಾಗ ಅಂಕಿಗಳೇ ಅವನಿಗೆ ಆಸರೆ. ಲೈಬ್ರರಿಯ ಮುಂದಿನಿಂದ ಹೋಗಬೇಕಾಗುತ್ತದೆಂದು ಕಟ್ಟಡ ಸುತ್ತಿ ತರಗತಿಗೆ ಹೋದ. ಅನ್ನ ಸೇರಲಿಲ್ಲ. ಶನಿವಾರಕ್ಕೆ ರಜೆ ಹಾಕಿ, ಆಮೇಲೆ ಕೆಲಸವನ್ನೇ ಬಿಟ್ಟು, ಯಾವುದಾದರೂ ಟ್ಯೂಷನ್ ಸೆಂಟರಿನಲ್ಲಿ ಬರೀ ಲೆಕ್ಕ ಹೇಳಿಕೊಟ್ಟುಕೊಂಡು ಇರಬಹುದು. ಹಾಗೆ ಇರುವ ಊರುಗಳಲ್ಲಿ ಮೈದಾ ಅಂಟಿನ ವಾಸನೆ ಇರುವುದಿಲ್ಲ ಎಂದು ನೆನಪಾಗಿ, ಆ ಯೋಚನೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಗುರುವಾರ ಸಂಜೆ, ಶಾಲೆ ಬಿಟ್ಟ ಮೇಲೆ, ಅವನು ಲೈಬ್ರರಿಗೆ ಹೋದ. ಶನಿವಾರದ ಓದಿನಿಂದ ತನ್ನನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುವುದಷ್ಟೇ ಅವನ ಉದ್ದೇಶ. ಒಳಗೆ ಕಪಾಟಿನ ಆಚೆ ಮಾತು ಕೇಳಿ ನಿಂತ.

ಚೈತ್ರ ಓದುತ್ತಿದ್ದಳು. ಓದು ಅಂದರೆ ಒಂದೊಂದೇ ಅಕ್ಷರ, ಕತ್ತಲಲ್ಲಿ ಗೋಡೆ ಮುಟ್ಟಿಕೊಂಡು ನಡೆದ ಹಾಗೆ. ಪುಸ್ತಕಗಳ ಸಂದಿಯಿಂದ ಈಶಾನನಿಗೆ ಮೇಜು ಕಾಣುತ್ತಿತ್ತು. ಪುಟದ ಮೇಲೆ ಹಳೆಯ ಕ್ಯಾಟಲಾಗ್ ಕಾರ್ಡು. ಅದರ ನಡುವೆ ಒಂದು ಸಾಲಿನಷ್ಟೇ ಅಗಲದ ಸೀಳು. ಆ ಕಿಟಕಿಯಲ್ಲಿ ಒಂದೆರಡು ಪದ ಮಾತ್ರ ಕಾಣುತ್ತಿದ್ದವು, ಉಳಿದದ್ದೆಲ್ಲ ಕಾರ್ಡಿನ ಕೆಳಗೆ ಮುಚ್ಚಿತ್ತು. ಹುಡುಗಿ ಎಡವಿದಾಗ ನಿಶ್ಚಿತಾ ತಿದ್ದುತ್ತಿರಲಿಲ್ಲ. ಕಾಯುತ್ತಿದ್ದಳು. ಯಾರಾದರೂ ಅಷ್ಟು ಚೆನ್ನಾಗಿ ಕಾಯುವುದನ್ನು ಅವನು ನೋಡಿಯೇ ಇರಲಿಲ್ಲ.

ಚೈತ್ರ! ಬೋರ್ಡಿನ ಮೇಲೆ ಯಾವ ಲೆಕ್ಕ ಕೊಟ್ಟರೂ ಬಿಡಿಸುತ್ತಿದ್ದ ಹುಡುಗಿ, ಪುಸ್ತಕದ ಲೆಕ್ಕ ಓದು ಅಂದರೆ ತಲೆತಗ್ಗಿಸಿ ನಿಲ್ಲುತ್ತಿದ್ದಳು. ಜೂನಿನಲ್ಲಿ ಒಮ್ಮೆ ಅವನು, "ಲೆಕ್ಕ ಬರ್ತದೆ, ಓದ್ಲಿಕ್ಕೆ ಎಂತ ರೋಗ ನಿಂಗೆ?" ಎಂದಿದ್ದ. ಇಪ್ಪತ್ತು ವರ್ಷದ ಹಿಂದೆ ಅವನ ಮೇಷ್ಟ್ರು ಅವನಿಗೆ ಹೇಳಿದ್ದ ಮಾತು. ಒಂದು ಅಕ್ಷರವೂ ಬದಲಾಗದೆ ಅವನ ಬಾಯಿಂದ ಬಂದಿತ್ತು.

"ಮಿಸ್," ಎಂದಳು ಚೈತ್ರ, ಕಾರ್ಡು ಸರಿಸುತ್ತಾ. "ಲೆಕ್ಕದ ಸಾರ್ ಅವತ್ತು ಇಲ್ಲದ್ದನ್ನ ಓದಿದ್ರು."

"ಹೂಂ. ನೋಡಿದೆ."

"ನಾನೂ ಹಂಗೇ ಮಾಡ್ತೇನೆ ಮಿಸ್. ಪಕ್ಕದವಳು ಓದಿದ್ದನ್ನ ಕೇಳಿ ಬಾಯಿಪಾಠ ಮಾಡಿ ಇಟ್ಕೊಳ್ಳೋದು. ಎಬ್ಬಿಸಿದ್ರೆ ಹೇಳಿಬಿಡೋದು." ಸ್ವಲ್ಪ ತಡೆದು, "ಸಾರ್‌ಗೂ ಅಕ್ಷರ ಓಡ್ತಾವಾ ಮಿಸ್?" ಎಂದು ಕೇಳಿದಳು.

ನಿಶ್ಚಿತಾಳ ಕೈ ಮೇಜಿನ ಮೇಲೆ ನಿಂತುಹೋಯಿತು. ಅವಳು ತಲೆ ಎತ್ತಿದಳು. ಎತ್ತಿದ ಕಣ್ಣು ನೇರ ಕಪಾಟಿನ ಸಂದಿಗೆ ಬಂತು. ಅಲ್ಲಿ ಎರಡು ಪುಸ್ತಕಗಳ ನಡುವೆ ಅವನ ಕಣ್ಣಿತ್ತು.

ಅವಳ ಮುಖದಲ್ಲಿ ಒಂದು ವಾರದ ಸಿಟ್ಟು ಕುಸಿಯುವುದನ್ನು ಅವನು ನೋಡಿದ. ಅದರ ಜಾಗಕ್ಕೆ ಬಂದದ್ದು ಕನಿಕರವೇನೋ ಎಂದು ಅವನು ಹೆದರಿದ. ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

ಹುಡುಗಿ ಹೋದ ಮೇಲೆ ಅವನು ಈಚೆ ಬಂದ.

"ನನಗೆ ಗೊತ್ತಾಗ್ಲಿಲ್ಲ ಸಾರ್. ಗೊತ್ತಾಗ್ಬೇಕಿತ್ತು. ನನ್ನ ಕೆಲಸವೇ ಅದು."

"ಗೊತ್ತಾಗಬಾರದು ಅಂತಲೇ ಅಷ್ಟು ಕಷ್ಟಪಟ್ಟಿದ್ದು." ಅವನು ನೆಲ ನೋಡುತ್ತಿದ್ದ. "ಮಕ್ಕಳಿಗೆ ಹೆದರಿ ತಪ್ಪಿಸ್ಕೊಂಡಿದ್ದಲ್ಲ ನಾನು. ಹೆಡ್ ಮಾಸ್ಟರಿಗೂ ಅಲ್ಲ. ನಿಮಗೆ ಹೆದರಿ."

"ನನಗೆ ಎಂತಕ್ಕೆ?"

"ನೀವು ಪುಸ್ತಕದ ಒಳಗೇ ಬದುಕೋರು. ಒಂದು ಪುಟ ಓದ್ಲಿಕ್ಕೆ ಅರ್ಧ ದಿನ ಬೇಕಾದವನನ್ನ ನೀವು..." ಮಾತು ಅಲ್ಲಿಗೇ ನಿಂತಿತು. ಇಷ್ಟು ಬಂದ ಮೇಲೆ ಉಳಿದದ್ದನ್ನೂ ಹೇಳಬೇಕಿತ್ತು. "ನನಗೆ ನೀವಂದ್ರೆ ಇಷ್ಟ. ಆ ಬಸ್ ಸ್ಟ್ಯಾಂಡಿನ ಇಪ್ಪತ್ತು ಹೆಜ್ಜೆ ಎಣಿಸಿ ಎಣಿಸಿ ಸಾಕಾಗಿದೆ. ಇದೆಲ್ಲ ಗೊತ್ತಾದ ಮೇಲೂ ನಿಮಗೂ ಹಂಗೇ ಅನ್ಸೋದಾದ್ರೆ ಹೇಳಿ. ಇಲ್ಲದಿದ್ರೆ ಬೇಡ."

ಅವಳ ತುಟಿ ಬಿಚ್ಚಿತು. ಮುಚ್ಚಿತು. ಹೊರಗೆ ಬೀಗದ ಕೈ ಗೊಂಚಲಿನ ಸದ್ದು. "ಮಿಸ್, ಬೀಗ ಹಾಕೂದಾ? ಇನ್ನೂ ಹೊತ್ತುಂಟಾ?" ಎನ್ನುತ್ತಾ ಪ್ಯೂನ್ ಕರಿಯಣ್ಣ ಒಳಗೆ ಬಂದ.

ಅವಳು ಚೀಲ ತೆಗೆದುಕೊಂಡಳು. ಬಾಗಿಲು ದಾಟಿ ಹೊರಟಳು.

* * *

ಶನಿವಾರ ಇಪ್ಪತ್ತೊಂಬತ್ತನೆಯ ತಾರೀಖು. ರಜೆಯ ಅರ್ಜಿಯನ್ನು ಫೋನಿಗೆ ಹೇಳಿ ಟೈಪ್ ಮಾಡಿಸಿ ಇಟ್ಟಿದ್ದ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಜೂನಿನ ಆ ಮಾತು ನೆನಪಾಯಿತು. ತಲೆತಗ್ಗಿಸಿ ನಿಂತ ಆ ಹುಡುಗಿಯ ಜಡೆ ನೆನಪಾಯಿತು. ಫೋನ್ ಜೇಬಿಗೆ ಹಾಕಿ ಶಾಲೆಗೆ ನಡೆದ.

ಸುಂದರೇಶ್ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ನಿಶ್ಚಿತಾ ಚೀಟಿ ಎತ್ತಿದಳು. ಪುಸ್ತಕ ಬಂತು: ಜೇನು ಸಾಕಣೆ. ಮಕ್ಕಳು ನಿರಾಸೆಯಿಂದ ಉಸ್ಸೆಂದರು.

ಅವನು ಪುಟ ತೆರೆದ. ಇರುವೆಗಳು ಹೊರಟವು.

ಮೊದಲನೆಯ ಪದ. ಇನ್ನೊಮ್ಮೆ ಮೊದಲನೆಯ ಪದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸುಂದರೇಶ್ ಕೆಮ್ಮಿದರು. ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯಿತು. ಬಾಗಿಲು ಎಷ್ಟು ಹೆಜ್ಜೆ ಎಂದು ಮನಸ್ಸು ತಾನಾಗಿ ಎಣಿಸಿತು. ಒಂಬತ್ತು.

ಆಗ ಪಕ್ಕದಿಂದ ಒಂದು ಪುಟ್ಟ ಕೈ ಬಂದು ಪುಟದ ಮೇಲೆ ಕಾರ್ಡು ಇಟ್ಟಿತು. ನಿಘಂಟನ್ನು ಕಂಕುಳಲ್ಲಿ ಅವುಚಿಕೊಂಡಿದ್ದ ಚೈತ್ರ ಅವನ ಮುಖ ನೋಡಲಿಲ್ಲ. "ಮೆಲ್ಲಗೆ ಸಾರ್," ಎಂದಳಷ್ಟೆ.

ಕಿಟಕಿಯೊಳಗೆ ಎರಡೇ ಪದ. ಅವು ಓಡಲು ಜಾಗವಿರಲಿಲ್ಲ.

"ಚಳಿಗಾಲದಲ್ಲಿ," ಎಂದ ಈಶಾನ. "ಹುಳಗಳು." ಕಾರ್ಡು ಸರಿಸಿದ. "ಒಂದಕ್ಕೊಂದು... ಅಂಟಿಕೊಂಡು..."

ಓದು ನಿಲ್ಲಿಸಿ ಮಕ್ಕಳ ಕಡೆ ನೋಡಿದ. "ನನಗೆ ಅಕ್ಷರ ಓಡ್ತಾವೆ. ಚಿಕ್ಕಂದಿನಿಂದ. ಹೋದ ವಾರ ನಾನು ಓದಿದ್ದಲ್ಲ, ಬಾಯಿಪಾಠ ಒಪ್ಪಿಸಿದ್ದು. ಜೂನಲ್ಲಿ ಚೈತ್ರಾಗೆ ಒಂದು ಮಾತು ಹೇಳಿದ್ದೆ. ಅದು ತಪ್ಪು." ಮತ್ತೆ ಕಾರ್ಡು ಸರಿಸಿದ.

ಒಂದು ಪುಟಕ್ಕೆ ಹನ್ನೊಂದು ನಿಮಿಷ ಹಿಡಿಯಿತು. ಒಂದು ಕಡೆ ಅವನು ಪೂರ್ತಿ ನಿಂತುಬಿಟ್ಟಾಗ ಯಾರೋ ಹಿಂದಿನಿಂದ, "ಮಕರಂದ ಸಾರ್!" ಎಂದು ಕೂಗಿದರು. "ಹೇಳ್ಬೇಡಿ. ಸಾರ್‌ಗೇ ಸಿಗ್ತದೆ," ಎಂದಳು ನಿಶ್ಚಿತಾ. ಗುರುವಾರದಿಂದ ಅವನ ಬಗ್ಗೆ ಅವಳಾಡಿದ ಮೊದಲ ಮಾತು ಅದು. ಮುಗಿದಾಗ ಚಪ್ಪಾಳೆ ಬರಲಿಲ್ಲ. ಮಕ್ಕಳು ಅವನನ್ನು ಬೇರೆ ಯಾರನ್ನೋ ನೋಡುವಂತೆ ನೋಡುತ್ತಿದ್ದರು.

ಸುಂದರೇಶ್ ಎದ್ದು ಹತ್ತಿರ ಬಂದರು. ಅವನು ಕಣ್ಣು ಮುಚ್ಚಿದ.

"ಶಿವಮೊಗ್ಗದಲ್ಲಿ ಒಳ್ಳೆ ಕಣ್ಣಿನ ಡಾಕ್ಟ್ರಿದ್ದಾರೆ ಮಾರಾಯ."

"ಕಣ್ಣಿಂದಲ್ಲ ಸಾರ್."

"ಹೌದಾ." ಅವರು ಕಾರ್ಡನ್ನು ಎತ್ತಿ ಅದರ ಸೀಳಿನೊಳಗಿಂದ ಅವನನ್ನು ನೋಡಿದರು. "ಲೆಕ್ಕ ಹೇಳಿಕೊಡ್ಲಿಕ್ಕೆ ನಿನ್ನಷ್ಟು ಚೆನ್ನಾಗಿ ಯಾರಿಗೂ ಬರೋದಿಲ್ಲ. ಅದು ಸಾಕು ನನಗೆ." ಕಾರ್ಡು ವಾಪಸ್ ಇಟ್ಟು, "ಮುಂದಿನ ವಾರ ನನ್ನ ಪಾಳಿ ಅಲ್ದಾ ಮೇಡಂ? ಈಗಲೇ ಜ್ವರ ಬಂದ ಹಾಗಿದೆ," ಎನ್ನುತ್ತಾ ಹೊರಗೆ ಹೋದರು.

ಕೆಲಸ ಉಳಿಯಿತು. ಆದರೂ ಅವನ ಎದೆಯ ಭಾರ ಇಳಿಯಲಿಲ್ಲ.

ನಿಶ್ಚಿತಾ ಜೇನು ಸಾಕಣೆಯ ಪುಸ್ತಕವನ್ನು ಅವನ ಹೆಸರಿಗೆ ಬರೆದುಕೊಂಡು ಕೈಗಿತ್ತಳು. ಈ ಶಾಲೆಯಲ್ಲಿ ಅವನು ತೆಗೆದುಕೊಂಡ ಮೊದಲ ಪುಸ್ತಕ. "ಹದಿನೈದು ದಿನ," ಎಂದಳು. "ಒಳಗೆ ಚೀಟಿ ಇದೆ. ಈ ಸಲದ ಕೈಬರಹ ನಂದೇ."

* * *

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತು ಅವನು ಚೀಟಿ ಬಿಚ್ಚಿದ. ಐದು ಸಾಲು. ಅಕ್ಷರಗಳನ್ನು ದೊಡ್ಡದಾಗಿ, ದೂರದೂರ ಬರೆದಿದ್ದಳು.

ರೂಢಿಯಂತೆ ಫೋನ್ ತೆಗೆದ. ಫೋಟೋ ತೆಗೆದು ಅನನ್ಯಳಿಗೆ ಕಳಿಸಿದರೆ ಒಂದು ನಿಮಿಷದಲ್ಲಿ ಉತ್ತರ ಬರುತ್ತದೆ. ಕ್ಯಾಮೆರಾದಲ್ಲಿ ಆ ಐದು ಸಾಲು ಕಂಡವು. ಇದನ್ನು ತಂಗಿಯ ದನಿಯಲ್ಲಿ ಕೇಳುವುದೇ? ಫೋನ್ ಒಳಗಿಟ್ಟ. ಚೈತ್ರ ವಾಪಸ್ ತೆಗೆದುಕೊಳ್ಳದೇ ಹೋದ ಕಾರ್ಡು ಪುಸ್ತಕದಲ್ಲೇ ಇತ್ತು.

ಗುರುವಾರ. ಸುಮ್ಮನಿದ್ದೆ.

ಶೃಂಗೇರಿ ಬಸ್ಸು ಬಂತು. ಹೋಯಿತು. ಅವನು ತಲೆ ಎತ್ತಲಿಲ್ಲ.

ನನಗೂ. ಕಾರ್ಡು ಸರಿಸಲು ಬೆರಳು ಒಪ್ಪಲಿಲ್ಲ. ಆ ಸೀಳಿನ ಆಚೆ ಏನು ಬೇಕಾದರೂ ಇರಬಹುದಿತ್ತು. ಸರಿಸಿದ.

ಭಯ.

ಮತ್ತೆ ಸರಿಸಿದ. ಅಕ್ಷರಕ್ಕಲ್ಲ. ಇನ್ನೂ ಸರಿಸಿದ. ಅಪ್ಪನಿಗೆ.

ಅವಳ ಅಪ್ಪ, ಮುತ್ತಿನಕೊಪ್ಪದ ದೇವಪ್ಪಗೌಡರನ್ನು ಅವನು ನೋಡಿರಲಿಲ್ಲ, ಹೆಸರು ಕೇಳಿದ್ದ. ಶೃಂಗೇರಿ ಕಡೆಯ ಒಬ್ಬ ಭಟ್ಟರ ಮಾಣಿ, ಬೇರೆ ಜಾತಿಯ ಹುಡುಗ, ಅಂಗಳದಲ್ಲಿ ನಿಂತು 'ನಿಮ್ಮ ಮಗಳು...' ಎಂದರೆ ಅವರು ಏನನ್ನುತ್ತಾರೋ. ತನ್ನ ಅಮ್ಮ ಏನನ್ನುತ್ತಾಳೋ. ಹೊಸದೊಂದು ಹೆದರಿಕೆ ಹುಟ್ಟಿತು. ಆದರೆ ಈ ಸಲ ಅದು ಅವನೊಬ್ಬನದಾಗಿರಲಿಲ್ಲ.

ನಾಳೆ ಊರಿಗೆ ಬರ್ತೀರಾ?

ಕೊನೆಯ ಸಾಲಿನಲ್ಲಿ ಎರಡೇ ಪದ. ಅವನ್ನು ಓದಿ ಮುಗಿಸಿ ತಲೆ ಎತ್ತಿದಾಗ, ಇಪ್ಪತ್ತು ಹೆಜ್ಜೆ ಆಚೆ ನಿಶ್ಚಿತಾ ನಿಂತೇ ಇದ್ದಳು. ಶೇಂಗಾ ಪೊಟ್ಟಣ ಬಿಚ್ಚದೆ ಕೈಯಲ್ಲೇ ಮುದುಡಿತ್ತು.

ಅವನು ದಾಟಿ ಹೋದ. ಎಣಿಸಲು ಮರೆತಿದ್ದ.

"ಎಷ್ಟು ಹೊತ್ತು ಮಾರಾಯ್ರೆ," ಎಂದಳು. ಕಣ್ಣಂಚು ಒದ್ದೆಯಾಗಿತ್ತು, ಮಾತು ಕೀಟಲೆಯದೇ. "ಐದು ಸಾಲಿಗೆ ನನ್ನ ಎರಡು ಬಸ್ಸು ಹೋದ್ವು."

"ಹತ್ತಬಹುದಿತ್ತಲ್ಲ."

"ಓದಿ ಮುಗಿಯೋವರೆಗೆ ಕಾಯೋದು ನನ್ನ ಕೆಲಸ." ಅವಳು ತಲೆತಗ್ಗಿಸಿದಳು. "ಎಂತ ಬರೆದಿದ್ದೆ, ಹೇಳಿ ನೋಡುವ. ಕೊನೇ ಸಾಲು."

ಅವನು ಚೀಟಿ ನೋಡಲಿಲ್ಲ. ಇದು ಬಾಯಿಪಾಠ ಎಂದು ಈ ಸಲ ಯಾರೂ ದೂರುವಂತಿರಲಿಲ್ಲ.

"ಒಟ್ಟಿಗೆ ಹೆದರುವ," ಎಂದ.

ನರಸಿಂಹರಾಜಪುರದ ಮೂರನೆಯ ಬಸ್ಸು ಒಳಗೆ ತಿರುಗಿತು. ಅವಳು ಪೊಟ್ಟಣ ಬಿಚ್ಚಿ ಅವನ ಅಂಗೈಗೆ ಶೇಂಗಾ ಸುರಿದಳು. ಇಬ್ಬರ ಕೈಯೂ ನಡುಗುತ್ತಿದ್ದುದರಿಂದ ಅರ್ಧ ನೆಲಕ್ಕೆ ಬಿತ್ತು.